ಭಂಡಾರ ಬೀಳುವ ತನಕ

ಕದ್ದೆ ಎನ್ನಬೇಕೋ, ಎತ್ತಿಟ್ಟುಕೊಂಡೆ ಎನ್ನಬೇಕೋ ಎಂಬುದೇ ಸುಗಲಾಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಮನೆಯ ವಸ್ತುವನ್ನು ಮನೆಯ ಮಗಳು ಎತ್ತಿಕೊಂಡರೆ ಅದು ಕಳವು ಹೇಗಾದೀತು ಎಂದು ಬೆಳಗ್ಗೆ ಎದ್ದಾಗ ಅನಿಸುತ್ತಿತ್ತು. ಮಧ್ಯಾಹ್ನ ಅಣ್ಣ ಬೀರಣ್ಣ ಎದುರಿಗೆ ಕೂತು, ತೊಳೆದರೂ ಗ್ರೀಸು ಹೋಗದ ಬೆರಳುಗಳಿಂದ ರೊಟ್ಟಿ ಮುರಿಯುತ್ತ, ಏನೋ ನೆನಪಾದವನಂತೆ ತುತ್ತು ನಿಲ್ಲಿಸಿದಾಗ, ಕಳವಲ್ಲದೆ ಮತ್ತೇನು ಎಂದು ಅನಿಸುತ್ತಿತ್ತು. ದಿನಚರಿಯಲ್ಲಾದರೂ ಬರೆಯೋಣವೆಂದು ಕೂತು, ಪ್ರತಿಸಲವೂ ಮಳೆಯ ಬಗ್ಗೆ ಬರೆದು ಎದ್ದಿದ್ದಳು. ಈಗ ಅದು ಅವಳ ತೊಡೆಯ ಮೇಲಿನ ಬಟ್ಟೆಯ ಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಕೂತಿತ್ತು: ಮುಷ್ಟಿಗಿಂತ ತುಸು ಚಿಕ್ಕದಾದ ಉಕ್ಕಿನ ಚಕ್ರ, ನಡುವೆ ತೂತು, ಸುತ್ತಲೂ ಹಲ್ಲು. ಇಷ್ಟು ಚಿಕ್ಕದಕ್ಕೆ ಇಷ್ಟು ಭಾರ ಎಲ್ಲಿಂದ ಬಂತು ಎಂದು ಮೊದಲ ಸಲ ಎತ್ತಿದಾಗಲೇ ಅವಳಿಗೆ ಆಶ್ಚರ್ಯವಾಗಿತ್ತು. ಅವಳು ಕೂತಿದ್ದ ಗಾಡಿ ಹಿಂದಕ್ಕೆ ಹೋಗಬೇಕಾದರೆ ಆ ಚಕ್ರ ಗಾಡಿಯ ಹೊಟ್ಟೆಯೊಳಗೆ ಇರಬೇಕಾಗಿತ್ತು. ಅದು ಅವಳ ತೊಡೆಯ ಮೇಲಿತ್ತು.

“ಹೂಂ, ತಗಡು ಬಿಚ್ಚಲೇ ಬೀರ್ಯಾ,” ಎಂದು ಸ್ಟೇರಿಂಗಿನ ಮುಂದೆ ಕೂತಿದ್ದ ಅಪ್ಪ ಧರೆಪ್ಪ ಕೂಗಿದ. ಶೆಡ್ಡಿನ ಬಾಗಿಲು ಓಣಿಯ ಕಡೆಗಿತ್ತು, ಗಾಡಿಯ ಮುಖ ಹಿಂದಿನ ಗೋಡೆಯ ಕಡೆಗಿತ್ತು. ಆದ್ದರಿಂದ ಬೀರಣ್ಣ ಹಿಂದಿನ ಗೋಡೆಯ ತಗಡುಗಳನ್ನೇ ಒಂದೊಂದಾಗಿ ಬಿಚ್ಚುತ್ತಿದ್ದ. ಗಿರಣಿಯ ಭೋಂಗಾ ಕೂಗಿ ಸ್ವಲ್ಪ ಹೊತ್ತಾಗಿತ್ತು. ಪಾಳಿ ಮುಗಿಸಿ ಬಂದವರು ತಲೆಯ ಮೇಲಿನ ಹತ್ತಿಯ ಎಳೆಗಳನ್ನೂ ಕೊಡವಿಕೊಳ್ಳದೆ ಈ ಚಂದವನ್ನು ನೋಡುತ್ತ ನಿಂತಿದ್ದರು. ಅವ್ವ ಮುಕ್ತಾಬಾಯಿ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯೊಳಗಿಂದಲೇ ಗೊಣಗಿದಳು: “ಬಾಗಿಲಾ ಇದ್ದ ಕಡೆ ಮಾರಿ ಮಾಡಿ ಕಟ್ಟಿದ್ರ ಏನ್ ಗಂಟು ಹೋಗ್ತಿತ್ತು? ಇದ್ದೊಂದು ಗ್ವಾಡಿ ಕೆಡವಿದ್ರಿ.”

“ಮೂಡಣಕ್ಕ ಮಾರಿ ಮಾಡಿ ಕಟ್ಟಬೇಕು. ಬಾಗಿಲಾ ಪಡುವಣಕ್ಕೈತಿ. ನಾ ಏನು ಸೂರ್ಯಾನ್ನ ಹೊಳ್ಳಿಸಿ ನಿಂದ್ರಸಲೇನು?”

ಎದುರು ಮನೆಯ ಬಂಡೆಪ್ಪ, ಗಿರಣಿಯಲ್ಲಿ ಆಳುಗಳ ಮೇಲಿನ ಜಾಬರ್, ಬೀಡಿಯನ್ನು ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿ ಕೇಳಿದ: “ಧರೆಪ್ಪಾ, ಯಾವ ತಳೀದೋ ಇದು?”

“ತಂದಿ ಅಮೇರಿಕಾದಾವ. ತಾಯಿ ನಾಕು ಮಂದಿ.”

ಎಲ್ಲರೂ ನಕ್ಕರು. ಸುಗಲಾ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದಳು. ಜನ ನಕ್ಕಾಗಲೆಲ್ಲ ಆ ನಗೆಯ ಒಂದು ಪಾಲು ತನಗೆ ಸೇರಬೇಕಾದದ್ದೆಂಬ ಭಾವನೆ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಕಾಲೇಜಿನಲ್ಲಿ, ನಿನ್ನ ತಂದೆ ಏನು ಮಾಡುತ್ತಾರೆ ಎಂದು ಉಮಾಬಾಯಿ ಎಂಬ ವಕೀಲರ ಮಗಳು ಕೇಳಿದಾಗ, ಇವಳು “ಮೋಟಾರು” ಎಂದು ಅಷ್ಟೇ ಹೇಳಿ ಸುಮ್ಮನಾಗಿದ್ದಳು. ಅವರಿಗೆ ಮೋಟಾರು ಇದೆ ಎಂದು ಉಮಾಬಾಯಿ ತಿಳಿದುಕೊಂಡಳು. ಇವಳು ತಿದ್ದಲಿಲ್ಲ. ಒಂದು ಮಾತನ್ನು ಹೇಳದೆ ಬಿಟ್ಟರೆ ಅದು ಅಲ್ಲಿಯೇ ಉಳಿಯುವುದಿಲ್ಲ, ಮುಂದಿನವರು ಅದಕ್ಕೆ ತಮಗೆ ಬೇಕಾದ ಕೈಕಾಲು ಜೋಡಿಸಿ ನಡೆಸಿಕೊಂಡು ಹೋಗುತ್ತಾರೆ ಎಂಬುದು ಆವತ್ತೇ ಗೊತ್ತಾಗಿತ್ತು. ಗೊತ್ತಾಗಿದ್ದರಿಂದ ಏನೂ ಪ್ರಯೋಜನವಾಗಿರಲಿಲ್ಲ.

ಕೊನೆಯ ತಗಡು ಬಿಚ್ಚಿದೊಡನೆ ಬೆಳಕು ಒಳಗೆ ಬಂದು ಗಾಡಿಯ ಮೇಲೆ ಬಿತ್ತು. ಬೆಳಕಿನಲ್ಲಿ ಅದರ ತೇಪೆಗಳೆಲ್ಲ ಕಂಡವು. ಚಾಸಿ, ಇಂಜಿನು, ಮುಂದಿನ ಮೂತಿ, ಇವು ಯುದ್ಧ ಮುಗಿದ ಮೇಲೆ ಸರಕಾರ ಹರಾಜು ಹಾಕಿದ ಜೀಪಿನವು. ಗೇರ್ ಬಾಕ್ಸು ಆ ಜೀಪಿನದೂ ಹೌದು, ಬಾರ್ಶಿ ರಸ್ತೆಯಲ್ಲಿ ಸುಟ್ಟುಹೋಗಿದ್ದ ಇನ್ನೊಂದು ಜೀಪಿನದೂ ಹೌದು. ಎರಡನ್ನೂ ಬಿಚ್ಚಿ, ಮುರಿಯದ ಹಲ್ಲುಗಳನ್ನು ಆರಿಸಿ, ಒಂದು ಮಾಡಿದ್ದು. ಗಾಲಿಗಳು ಮಿಲಿಟರಿಯ ದೊಡ್ಡ ಡಾಜ್ ಗಾಡಿಯವು, ಜೀಪಿನ ಮೈಗೆ ಅವು ತಮ್ಮನಿಗೆ ಅಣ್ಣನ ಜೋಡು ಹಾಕಿದಂತೆ ಕಾಣುತ್ತಿದ್ದವು. ಹಿಂದಿನ ಕಟ್ಟು ಗಿರಣಿಯ ಮುರುಕು ಲಾರಿಯದು. ಕೂಡುವ ಗಾದಿ ಮಾತ್ರ ಅಕ್ಕಲಕೋಟೆಯ ಯಾವುದೋ ಸರದಾರರ ಹಳೆಯ ಮೋಟಾರಿನದು. ಕೆಂಪು ಚರ್ಮ ಬಿರಿದು ಒಳಗಿನ ತೆಂಗಿನ ನಾರು ಹೊರಗೆ ಇಣುಕುತ್ತಿತ್ತು. ಮಳೆಗಾಲದಲ್ಲಿ ಬಸ್ಸು ಹೋಗದ, ಎತ್ತು ಮೊಣಕಾಲ ತನಕ ಹುಗಿಯುವ ಎರೆ ಮಣ್ಣಿನ ಹಾದಿಯಲ್ಲಿ ಓಡುವ ಗಾಡಿಯನ್ನು ಕಟ್ಟುತ್ತೇನೆ ಎಂದು ಅಪ್ಪ ಹೇಳಿದಾಗ ಯಾರೂ ನಂಬಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಬಾಡಿಗೆಗೆ ಎನ್ನುತ್ತಿದ್ದ. ಮನೆಯವರಿಗೆ ಗೊತ್ತಿತ್ತು. ಅಂಥ ಹಾದಿ ಹನ್ನೂರಿನದು. ಹನ್ನೂರಿನಲ್ಲಿ ಅಪ್ಪನ ಅಣ್ಣ ಹಣಮಂತಪ್ಪ ಇದ್ದ, ಬೀರದೇವರ ಪೂಜಾರಿ. ಅಪ್ಪ ಯುದ್ಧದಿಂದ ತಿರುಗಿ ಬಂದು ತನ್ನ ಪಾಲಿನ ಕುರಿಗಳನ್ನು ಮಾರಿ ಸೊಲ್ಲಾಪುರದಲ್ಲಿ ಶೆಡ್ಡು ಹಾಕಿದ ದಿನ, “ಕುರಿ ಬಿಟ್ಟಾವ ಅಣ್ಣನ್ನೂ ಬಿಟ್ಟ,” ಎಂದು ಆತ ಹಟ್ಟಿಯ ಎದುರಿಗೆ ಹೇಳಿದ್ದ. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ. ಈಗ ಅಪ್ಪ ಗಾಡಿಯನ್ನು ಬೀರದೇವರಿಗೆ ತೋರಿಸಲು ಹೊರಟಿದ್ದ. ಬರುತ್ತೇನೆಂದು ಊರಿನವರೊಬ್ಬರ ಕೈಯಲ್ಲಿ ಹೇಳಿಕಳಿಸಿದ್ದ. ಬಾ ಎಂದಾಗಲಿ ಬೇಡ ಎಂದಾಗಲಿ ಉತ್ತರ ಬಂದಿರಲಿಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಟಗರು ತರಲಿ, ಹೊಸ ಬಂಡಿ ತರಲಿ, ಬೀರದೇವರ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ, ಅದರ ಮೇಲೆ ಬೀಳುವ ತನಕ ಅದು ಹಿಂದಕ್ಕೆ ಹೆಜ್ಜೆ ಇಡಬಾರದು. ಇಟ್ಟರೆ ಮನೆಯ ಏಳಿಗೆ ಹಿಂದಕ್ಕೆ ಸರಿಯುತ್ತದೆ. ಮಿಲಿಟರಿಯಲ್ಲಿ ಎಲ್ಲರ ಜೊತೆ ಕೂತು ಉಂಡು, ಬರ್ಮಾದ ಕಾಡಿನಲ್ಲಿ ಎಂಥೆಂಥದೋ ತಿಂದು ಬಂದ ಅಪ್ಪ, ಬೇರೆ ಯಾವ ಕಟ್ಟಳೆಯನ್ನೂ ಲೆಕ್ಕಕ್ಕಿಡದವನು, ಇದೊಂದನ್ನು ಹಲ್ಲು ಕಚ್ಚಿ ಹಿಡಿದಿದ್ದ. ಹಾಗಾಗಿ ಗಾಡಿಯನ್ನು ಕಟ್ಟಿದ ಮೇಲೆ ಮುಂದಿನ ಗೇರುಗಳನ್ನೆಲ್ಲ ಹಾಕಿ ನೋಡಿದ್ದರು; ಹಿಂದಿನದನ್ನು ಯಾರೂ ಮುಟ್ಟಿರಲಿಲ್ಲ.

ಗಾಡಿ ಮುರಿದ ಗೋಡೆಯ ಕಿಂಡಿಯಿಂದ ಹೊರಬಿತ್ತು. ಬೀರಣ್ಣ ಓಡಿ ಬಂದು ಅಪ್ಪನ ಪಕ್ಕಕ್ಕೆ ಹತ್ತಿದ. ಹಿಂದಿನ ಸೀಟಿನಿಂದ ಸುಗಲಾಳಿಗೆ ಅಣ್ಣನ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಅದು ಬೆವರಿತ್ತು. ಹೊತ್ತು ಇನ್ನೂ ತಂಪಾಗಿತ್ತು. ಚಕ್ರವಿಲ್ಲದ್ದು ಅವನಿಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಚಕ್ರ ಅವಳ ಕೈ ಸೇರಿದ್ದು ಟೈರು ತರಲು ಅಪ್ಪ ಪುಣೆಗೆ ಹೋದ ವಾರ. ಗೇರ್ ಬಾಕ್ಸಿನ ಹಲ್ಲುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಅಂಗಳದಲ್ಲಿ ಗೋಣಿಯ ಮೇಲೆ ಒಣಹಾಕಿ ಬೀರಣ್ಣ ಚಹಾಕ್ಕೆ ಹೋಗಿದ್ದ. ಸುಗಲಾ ಬಟ್ಟೆ ಹಿಂಡಿ ಬರುವಾಗ ನಿಂತು ನೋಡಿದಳು. ಇಷ್ಟು ವರ್ಷ ಅವಳು ಕಂಡಿದ್ದ ಕಬ್ಬಿಣವೆಲ್ಲ ಕರಿ ಜಿಡ್ಡಿನದು. ಸೀರೆಗೆ ಹತ್ತಿದರೆ ಬಿಡದ, ಪುಸ್ತಕದ ಅಂಚಿಗೆ ಬೆರಳಚ್ಚು ಬಿಡುವ, ಅಪ್ಪನ ಬೆವರಿನ ಜೊತೆ ಮನೆಯೊಳಗೆ ಬರುವ ಕಬ್ಬಿಣ. ಇದು ಹಾಗಿರಲಿಲ್ಲ. ಬಿಸಿಲಿಗೆ ಪ್ರತಿಯೊಂದು ಹಲ್ಲೂ ಬೇರೆ ಬೇರೆ ಹೊಳೆಯುತ್ತಿತ್ತು. ಅವಳು ಕೂತು ಚಿಕ್ಕದೊಂದನ್ನು ಎತ್ತಿದಳು. ಬಿಸಿಲು ಕುಡಿದು ಬೆಚ್ಚಗಾಗಿದ್ದ ಅದು ಅಂಗೈಯಲ್ಲಿ ಒಂದು ಜೀವದಂತೆ ಕೂತಿತು. ಮಾಡಿನ ಕೆಳಗಿನ ಅವಳ ಮೇಜಿನ ಮೇಲೆ ಗಾಳಿಗೆ ಹಾಳೆಗಳು ಹಾರುತ್ತಿದ್ದವು. ಒಂದು ದಿನದ ಮಟ್ಟಿಗೆ ಎಂದುಕೊಂಡು ಅದನ್ನು ತಂದು ಹಾಳೆಗಳ ಮೇಲಿಟ್ಟಳು. ಇಟ್ಟ ಮೇಲೆ ಓದುವುದು ಬಿಟ್ಟು ಅದನ್ನೇ ನೋಡಿದಳು. ಅಪ್ಪನ ಕೆಲಸದಲ್ಲಿ ಚಂದವೂ ಇರಬಹುದು ಎಂದು ಅನಿಸಿದ್ದು ಅದೇ ಮೊದಲು. ಅದನ್ನು ಅಪ್ಪನಿಗೆ ಹೇಳಬೇಕೆಂದೂ ಅನಿಸಿತು. ಹೇಳುವ ಮಾತನ್ನು ಮನಸ್ಸಿನಲ್ಲಿ ನಾಲ್ಕಾರು ತರಹ ಕಟ್ಟಿ ನೋಡಿದಳು.

ಮರುದಿನ ಬೀರಣ್ಣ ಬಾಗಿಲಲ್ಲಿ ನಿಂತು, “ಇಲ್ಲೆ ಒಂದು ಸಣ್ಣ ಗೇರು ಇತ್ತಲ್ಲ, ನೋಡಿಯೇನು?” ಎಂದ. ಅವನ ಮುಖ ಬಿಳಿಚಿತ್ತು. ಗೇರು ಅವಳ ಮೊಣಕೈಯ ಹತ್ತಿರವೇ ಇತ್ತು, ಒಂದು ಹಾಳೆ ಮಡಚಿ ಅದರ ಮೇಲೆ ಬಿದ್ದಿತ್ತು. ಅವಳು ತಲೆಯನ್ನು ಅಲ್ಲಾಡಿಸಿದಳು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಯಾರಾದರೂ ತಟ್ಟನೆ ಏನನ್ನಾದರೂ ಕೇಳಿದರೆ ಅವಳ ತಲೆ ತಾನಾಗಿ ಆಡುವ ರೀತಿ ಅದು. ಅವನು ಅದನ್ನು ಇಲ್ಲ ಎಂದು ತಿಳಿದುಕೊಂಡ. ಆಗಲೇ ಹಾಳೆಯನ್ನು ಸರಿಸಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಆಗಲೇ ಅಂಗಳದ ಕಸವನ್ನು ಜಾಲಾಡಲು ಹೋಗಿದ್ದ. ಸಂಜೆಯ ತನಕ ಹುಡುಕಿದ; ಹಂದಿಗಳು ಹೊರಳಾಡುವ ಚರಂಡಿಗೆ ಕೈ ಹಾಕಿ ಹುಡುಕಿದ. ಮೇಜಿನ ಪಕ್ಕದ ಕಿಟಕಿಯಿಂದ ಅವಳು ನೋಡುತ್ತಲೇ ಇದ್ದಳು. ಅವನು ಹುಡುಕಿದಷ್ಟೂ, ಇಲ್ಲಿದೆ ಎಂದು ಹೇಳುವುದು ಕಷ್ಟವಾಗುತ್ತ ಹೋಯಿತು. ಒಂದು ಗಳಿಗೆಯ ಹಿಂದೆ ಸುಲಭವಾಗಿದ್ದದ್ದು ಈಗ ಯಾಕೆ ಸುಲಭವಲ್ಲ ಎಂದು ಅವಳು ತರ್ಕ ಮಾಡಿದಳು. ತರ್ಕ ಮಾಡುತ್ತಿರುವಾಗಲೇ ಇನ್ನೊಂದು ಗಳಿಗೆ ಕಳೆಯಿತು. ಕೊನೆಗೆ ಅವನು ಆ ಚಕ್ರವಿಲ್ಲದೆಯೇ ಬಾಕ್ಸನ್ನು ಮುಚ್ಚಿ ಬೋಲ್ಟು ಬಿಗಿದ. ಬೋಲ್ಟು ತಿರುವುವ ಪಾನಾವನ್ನೇ ಎಸೆಯುವ ಅಪ್ಪನ ಸಿಟ್ಟು ಅವನ ಹಣೆಯ ಮೇಲೆ ಒಂದು ಗಾಯವಾಗಿ ಇನ್ನೂ ಇತ್ತು. ಅಪ್ಪ ತಿರುಗಿ ಬಂದು ಜೀಪಿನ ಇಂಗ್ಲಿಷ್ ಕೈಪಿಡಿಯನ್ನು ಅವಳಿಂದ ಓದಿಸಿಕೊಂಡಾಗ, ಚಿತ್ರದಲ್ಲಿ ಆ ಚಿಕ್ಕ ಚಕ್ರವನ್ನು ಅವಳು ಕಂಡಳು. ಹಿಂದಕ್ಕೆ ಹೋಗುವಾಗ ಮಾತ್ರ ಬೇಕಾಗುವಂಥದು. ಆ ಪುಟವನ್ನೂ ತಪ್ಪದೆ, ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದಳು. ಅಪ್ಪ ತಲೆದೂಗಿದ. ಬೀರಣ್ಣ ಎದ್ದು ನೀರು ಕುಡಿಯಲು ಹೋದ.

ಅಕ್ಕಲಕೋಟೆಯ ಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಗಾಡಿಯ ಸುತ್ತ ಜನ ಕೂಡಿತು. ಅಂಗಡಿಯ ಮುದುಕ ಬಗ್ಗಿ ಗಾಲಿಗಳನ್ನು ನೋಡಿ, “ಕುಠಲಾ ಮಾಡೆಲ್ ಹೋ?” ಎಂದು, ಇದು ಎಲ್ಲಿಯ ಮಾಡೆಲ್ ಎಂದು, ಮರಾಠಿಯಲ್ಲಿ ಕೇಳಿದ. “ಸೋಲಾಪುರ ಮಾಡೆಲ್,” ಎಂದ ಅಪ್ಪ. ಮುದುಕ ಗಂಭೀರವಾಗಿ ತಲೆದೂಗಿ, ಅಂಥದೊಂದರ ಬಗ್ಗೆ ತಾನೂ ಕೇಳಿರುವುದಾಗಿ ಹೇಳಿದ. ಆಗ ಎದುರಿನಿಂದ ಬಂದ ಬಸ್ಸು ಬಲಕ್ಕೆ ಹೊರಳಲು ಜಾಗ ಸಾಲದೆ ನಿಂತಿತು, ಕಂಡಕ್ಟರು ಬಾಗಿಲಿಗೆ ಜೋತು, “ಏ ದಾದಾ, ಜರಾ ಮಾಗೆ ಘ್ಯಾ!” ಎಂದು ಕೂಗಿದ. ಸ್ವಲ್ಪ ಹಿಂದಕ್ಕೆ ತಗೊಳ್ಳಬೇಕಂತೆ. ಸುಗಲಾಳ ಬಾಯಿಯಲ್ಲಿದ್ದ ಚಹಾ ಬಾಯಿಯಲ್ಲೇ ಉಳಿಯಿತು. ಬೀರಣ್ಣ ಕಪ್ಪನ್ನು ಕೆಳಗಿಟ್ಟು, “ಹಿಂದಕ್ಕ ಬರಾಂಗಿಲ್ಲ!” ಎಂದುಬಿಟ್ಟ. ಅಪ್ಪ ತಿರುಗಿ ಅವನನ್ನು ನೋಡಿದ. “ಅಂದ್ರ, ದೇವರದು ಐತಿ,” ಎಂದು ಬೀರಣ್ಣ ಸರಿಪಡಿಸಿದ. ಅಪ್ಪನ ಮುಖದ ಮೇಲೆ ಮೆಚ್ಚುಗೆ ಮೂಡಿತು. ಮಗ ಇಷ್ಟು ಭಕ್ತನೆಂದು ಅವನಿಗೆ ಗೊತ್ತಿರಲಿಲ್ಲ. ಗಾಡಿಯನ್ನು ಮುಂದಕ್ಕೇ ಹೊಡೆದು, ಬೇವಿನ ಕಟ್ಟೆಯ ಒಂದು ಮೂಲೆಯನ್ನು ಹತ್ತಿಸಿ, ಒಬ್ಬ ಬಾಳೆಹಣ್ಣಿನವಳನ್ನು ಎಬ್ಬಿಸಿ, ಸುತ್ತುಹಾಕಿ ರಸ್ತೆಗೆ ತಂದ. ಬಾಳೆಹಣ್ಣಿನವಳು ಬೈದಳು. ಅವಳ ಬೈಗುಳ ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಿತು. ಅವ್ವ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಕ್ಕಳು. ಸುಗಲಾ ಅಣ್ಣನ ಕುತ್ತಿಗೆಯನ್ನು ನೋಡಿದಳು. ಪಾಪ ಎಂದು ಅನಿಸಿತು. ಹಾಗೆ ಅನಿಸುವುದಕ್ಕೆ ತನಗೆ ಹಕ್ಕಿಲ್ಲ ಎಂದೂ ಅನಿಸಿತು. ಇವೆರಡೂ ಒಟ್ಟಿಗೆ ಅನಿಸಿದಾಗ ಮನಸ್ಸಿನಲ್ಲಿ ಏನೂ ಅನಿಸದೆ ಇರುವಂಥ ಒಂದು ಖಾಲಿ ಜಾಗ ಉಂಟಾಯಿತು, ಅದರಲ್ಲಿ ಅವಳು ಹನ್ನೂರಿನ ಹಾದಿ ಬರುವ ತನಕ ಕೂತಳು.

ಡಾಂಬರು ಬಿಟ್ಟು ಎರೆಗೆ ಇಳಿದರು. ಹಿಂದಿನ ದಿನ ಮಳೆಯಾಗಿತ್ತು. ಹೊಲಗಳು ಕರ್ರಗೆ ಉಬ್ಬಿಕೊಂಡು ಬಿದ್ದಿದ್ದವು. ಹಾದಿಗೂ ಹೊಲಕ್ಕೂ ವ್ಯತ್ಯಾಸವಿದ್ದದ್ದು ಬಂಡಿಯ ಗಾಲಿ ಕೊರೆದ ಚಾಕೋರಿಯಲ್ಲಿ ನೀರು ನಿಂತದ್ದರಿಂದ ಮಾತ್ರ. ಅಪ್ಪ ನಿಲ್ಲಿಸಿ, ಗೇರಿನ ಪಕ್ಕದ ಇನ್ನೊಂದು ಚಿಕ್ಕ ಸನ್ನೆಕೋಲನ್ನು ಎಳೆದ. ಮುಂದಿನ ಗಾಲಿಗಳಿಗೂ ಜೀವ ಬಂತು. ಗಾಡಿ ಮೂತಿ ತಗ್ಗಿಸಿ, ಕೆಸರನ್ನು ನಾಲ್ಕೂ ಕಡೆ ಉಗುಳುತ್ತ, ಅಡ್ಡಡ್ಡ ಜಾರುತ್ತ, ಜಾರಿದಲ್ಲಿಂದ ಸಾವರಿಸಿಕೊಳ್ಳುತ್ತ ನಡೆಯಿತು. ಹುಗಿದು ನಿಂತಿದ್ದ ಒಂದು ಬಂಡಿಯನ್ನು ದಾಟಿದಾಗ ಬಂಡಿಯವನು ಎರಡೂ ಕೈ ಎತ್ತಿ ಮುಗಿದ. “ಹ್ಯಾಂಗ?” ಎಂದು ಅಪ್ಪ ಯಾರನ್ನೂ ನೋಡದೆ ಕೇಳಿದ. “ಹ್ಯಾಂಗೈತಿ?” ಅವ್ವ, “ಹೊಟ್ಟ್ಯಾಗಿಂದೆಲ್ಲಾ ಮ್ಯಾಲ ಬಂತು,” ಎಂದಳು, ಆದರೆ ಅವಳ ಮುಖದಲ್ಲಿ ಸುಗಲಾ ಎಂದೂ ಕಾಣದ ಹುಡುಗಿಯೊಬ್ಬಳಿದ್ದಳು. ನಾಲ್ಕು ಕಡೆಯಿಂದ ಕಿತ್ತು ತಂದ ಕಬ್ಬಿಣ ಒಂದೇ ಉಸಿರಿನಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು. ಈಗ ಹೇಳಬೇಕು, ಇಷ್ಟು ಚಂದ ಇದೆ ಎಂದು, ಎಂದುಕೊಂಡಳು. ಬಾಯಿ ತೆರೆದರೆ ಮೊದಲು ಬರುವುದು ಚಂದದ ಮಾತೋ ಚಕ್ರದ ಮಾತೋ ತಿಳಿಯದೆ ಸುಮ್ಮನಾದಳು. “ಏನವ್ವಾ ಬಿ.ಎ. ಬಾಯಿ, ನೀ ಏನರ ಒದರಲಾ,” ಎಂದ ಅಪ್ಪ ಕನ್ನಡಿಯಲ್ಲಿ ನೋಡುತ್ತ. ಅವಳು ನಕ್ಕಳು. ಚೀಲದೊಳಗಿನದನ್ನು ಬೀರದೇವರ ಕಟ್ಟೆಯ ಮೇಲೆ, ಜನ ಒಪ್ಪಿಸಿದ ತೆಂಗಿನಕಾಯಿಗಳ ನಡುವೆ, ಯಾರೂ ನೋಡದಾಗ ಇಟ್ಟು ಬರುವುದೆಂದು ಅವಳು ತೀರ್ಮಾನಿಸಿದ್ದಳು. ದೇವರು ಏನಾದರೂ ಮಾಡಿಕೊಳ್ಳಲಿ. ದೇವರು ಯಾರನ್ನೂ ತಟ್ಟನೆ ಏನನ್ನೂ ಕೇಳುವುದಿಲ್ಲ.

ದೂರದ ದಿನ್ನೆಯ ಮೇಲೆ ಕುರಿಗಳು ಕಂಡವು. ಬಹಳ ಚಿಕ್ಕವಳಿದ್ದಾಗ ದೊಡ್ಡಪ್ಪ ಹಣಮಂತಪ್ಪನ ಹಟ್ಟಿಯಲ್ಲಿ ಒಂದು ಕುರಿಯ ಮರಿ ಸತ್ತಿತ್ತು, ಇನ್ನೊಂದು ಮರಿಯ ತಾಯಿ ಸತ್ತಿತ್ತು. ದೊಡ್ಡಪ್ಪ ಸತ್ತ ಮರಿಯ ತೊಗಲು ಬಿಚ್ಚಿ, ಬದುಕಿದ್ದ ಮರಿಗೆ ಅಂಗಿಯಂತೆ ತೊಡಿಸಿ, ದಾರದಿಂದ ಹೊಟ್ಟೆಯ ಕೆಳಗೆ ಕಟ್ಟಿದ. ಮರಿ ಕಳೆದುಕೊಂಡ ಕುರಿ ಬಂದು ಮೂಸಿತು. ಮತ್ತೆ ಮೂಸಿತು. ಆಮೇಲೆ ಕಾಲು ಅಗಲಿಸಿ ನಿಂತು ಮೊಲೆ ಬಿಟ್ಟುಕೊಟ್ಟಿತು. “ಅದಕ್ಕ ಗೊತ್ತಾಗಂಗಿಲ್ಲೇನು ದೊಡ್ಡಪ್ಪಾ?” ಎಂದು ಅವಳು ಕೇಳಿದ್ದಳು. ಆಗ ಅವಳು ಕೇಳುತ್ತಿದ್ದಳು, ಗಟ್ಟಿಯಾಗಿಯೇ ಕೇಳುತ್ತಿದ್ದಳು. “ಎಲ್ಲಾ ಗೊತ್ತಿರತೈತಿ ಮಗಳಾ,” ಎಂದಿದ್ದ ದೊಡ್ಡಪ್ಪ, ಕೈಯ ರಕ್ತವನ್ನು ಹುಲ್ಲಿಗೆ ಒರೆಸುತ್ತ. “ಹಾಲು ಬಿಡಾಕ ಅದಕ್ಕೂ ಒಂದು ನೆವ ಬೇಕಲ್ಲ.” ಮುಂದೆ ಕೂತ ಅಪ್ಪನ ಬೆನ್ನನ್ನು ನೋಡಿದಳು. ನಾಲ್ಕು ಗಾಡಿಗಳ ತೊಗಲು ಬಿಚ್ಚಿ ಕಟ್ಟಿದ್ದು ಯಾತಕ್ಕೆ ಎಂದು ಯೋಚಿಸತೊಡಗಿದಳು; ಪೂರ್ತಿ ಯೋಚಿಸುವ ಮೊದಲೇ ಗಾಡಿ ನಿಂತಿತು.

ಊರ ಸಮೀಪದ ಹಾದಿ ಅಲ್ಲಿ ಇಕ್ಕಟ್ಟಾಗಿತ್ತು. ಎರಡೂ ಕಡೆ ಎದೆಯೆತ್ತರದ ಮಣ್ಣಿನ ಒಡ್ಡು, ಅದರ ಮೇಲೆ ಪಾಪಾಸುಕಳ್ಳಿ. ಎದುರಿಗೆ ಒಂದು ಎತ್ತಿನ ಬಂಡಿ ಬಂದು ನಿಂತಿತ್ತು. ಎತ್ತುಗಳು ಈ ಹೊಸ ಪ್ರಾಣಿಯನ್ನು ಕಂಡು ಮೂಗು ಅರಳಿಸಿ ಕೊಂಬು ಆಡಿಸಿದವು. ಬಂಡಿಯ ಮುಂದಿನ ಮೂಕಿಯ ಮೇಲೆ ಕೂತಿದ್ದವನು ಹಣಮಂತಪ್ಪ. ಮಡಿಸಿದ ಕಂಬಳಿ ಹೆಗಲ ಮೇಲೆ, ಒಗೆದ ಧೋತರ, ಸೊಂಟಕ್ಕೆ ಭಂಡಾರದ ಹಳದಿ ಚೀಲ. ಬಂಡಿಯೊಳಗೆ ದೊಡ್ಡವ್ವ ಸಕ್ಕುಬಾಯಿ. ಅವರು ಎದುರುಗೊಳ್ಳಲು ಬರುತ್ತಿದ್ದರೋ, ಇವರು ಬರುವ ಹೊತ್ತಿಗೆ ಊರು ಬಿಟ್ಟು ಹೊರಟಿದ್ದರೋ, ನೋಡಿದರೆ ಹೇಳಲು ಬರುತ್ತಿರಲಿಲ್ಲ. ಬಹುಶಃ ಅದನ್ನು ದಾರಿಯ ಮೇಲೆ ನೋಡಿ ತೀರ್ಮಾನಿಸುವುದೆಂದು ಅವರೂ ಹೊರಟಿದ್ದರು. ಬಂಡಿಯ ಹಿಂದೆ ಹೊಲದಿಂದ ಬರುತ್ತಿದ್ದ ನಾಲ್ಕಾರು ಜನ ಕೂಡಿಕೊಂಡರು.

ಇಂಜಿನು ಗುರುಗುಟ್ಟುತ್ತಿತ್ತು. ಅಪ್ಪ ಇಳಿಯಲಿಲ್ಲ. ದೊಡ್ಡಪ್ಪನೂ ಇಳಿಯಲಿಲ್ಲ.

“ಎತ್ತು ಹಿಂದಕ್ಕ ನಡಿಯಂಗಿಲ್ಲ,” ಎಂದ ಹಣಮಂತಪ್ಪ ಕೊನೆಗೆ, ಎತ್ತುಗಳನ್ನು ಉದ್ದೇಶಿಸಿ ಎಂಬಂತೆ. “ಮಿಷನ್ ನಡೀತೈತಂತಪಾ.”

“ಭಂಡಾರ ಬಿದ್ದಿಲ್ಲ ಇನ್ನಾ,” ಎಂದ ಧರೆಪ್ಪ, ಸ್ಟೇರಿಂಗನ್ನು ಉದ್ದೇಶಿಸಿ. “ನಮ್ಮ ಮನಿತನದಾಗ ಒಂದು ಕಟ್ಟಳಿ ಐತಿ.”

“ಕಟ್ಟಳಿ ನೆನಪೈತೇನು?”

“ಹೌದಪಾ, ಕಟ್ಟಳಿ ಮುರೀಬಾರದು!” ಎಂದು ಬೀರಣ್ಣ ನಡುವೆ ಬಾಯಿ ಹಾಕಿದ. ಅವನ ದನಿ ಕೀರಲಾಗಿತ್ತು. “ದೇವರದು ದೇವರಿಗೆ. ಎತ್ತು ಬಿಚ್ಚಿ ಬಂಡೀನ ಹಿಂದಕ್ಕ ಜಗ್ಗಿದ್ರಾತು, ನಾವೆಲ್ಲಾ ಕೈ ಹಚ್ಚತೀವಿ.”

“ಪೂಜಾರಿ ಬಂಡಿ ಹಿಂದಕ್ಕ ಜಗ್ಗತೀಯೇನೋ ಮಗನ?” ಬಂಡಿಯ ಹಿಂದಿನಿಂದ ಯಾರೋ ಅಂದರು. “ಸೊಲ್ಲಾಪುರದಾಗ ಭಾಳ ಕಲ್ತು ಬಂದಾನ.”

ಸಕ್ಕುಬಾಯಿ ಬಂಡಿಯೊಳಗಿಂದ ಇಣುಕಿ, “ಮುಕ್ತಾ, ಆರಾಮ ಅದೀಯೇನ?” ಎಂದಳು. “ಅದೀನ್ರೆಕ್ಕಾ,” ಎಂದಳು ಅವ್ವ. ಇಬ್ಬರೂ ತಮ್ಮ ತಮ್ಮ ಗಂಡಸರ ಬೆನ್ನು ನೋಡಿದರು. ಸುಗಲಾ ಕಳ್ಳಿಯ ಮುಳ್ಳಿಗೆ ಸಿಕ್ಕ ಉಣ್ಣೆಯ ಎಳೆಗಳನ್ನು ನೋಡುತ್ತಿದ್ದಳು. ಕಟ್ಟಳೆ ಒಳ್ಳೆಯದು ಎಂದು ಅನಿಸಿತು. ಅದರ ಹಿಂದೆ ಅಪ್ಪ, ಅಣ್ಣ, ತಾನು, ಮೂರು ಜನ ಅಡಗಿದ್ದಾರೆ, ಒಬ್ಬರಿಗೊಬ್ಬರು ಕಾಣದಂತೆ. ಇನ್ನು ಸ್ವಲ್ಪ ಹೊತ್ತು ಹೀಗೆಯೇ ನಿಂತರೆ ಯಾರಾದರೂ ಸಿಟ್ಟಾಗುತ್ತಾರೆ, ಯಾರಾದರೂ ತಿರುಗಿ ಹೋಗುತ್ತಾರೆ, ಚಕ್ರದ ಮಾತು ಬರುವುದೇ ಇಲ್ಲ. ಹಾಗಾಗಲಿ ಎಂದು ತಾನು ಬಯಸುತ್ತಿರುವುದನ್ನು ಅವಳು ಬೇರೆ ಯಾರದೋ ಬಯಕೆಯಂತೆ ದೂರದಿಂದ ಗಮನಿಸಿದಳು.

ಹಣಮಂತಪ್ಪ ಬಂಡಿಯಿಂದ ಇಳಿದ. ಕೆಸರಿನಲ್ಲಿ ಬರಿಗಾಲಿನಿಂದ ನಡೆದು ಬಂದ, ನಿಧಾನವಾಗಿ, ಮಂಡಿ ನೋಯುವವನಂತೆ. ಗಾಡಿಯ ಮೂತಿಯ ಹತ್ತಿರ ನಿಂತು ಅದನ್ನು ನೋಡಿದ. ಟಗರು ಕೊಳ್ಳುವವನು ನೋಡುವ ಹಾಗೆ ಮೂತಿ, ಕಾಲು, ಬೆನ್ನು ಎಲ್ಲ ನೋಡಿದ. ಬಿರಿದ ಕೆಂಪು ಗಾದಿಯನ್ನು ನೋಡಿದ. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ, ಹಿಡಿ ತುಂಬ ಭಂಡಾರ ತೆಗೆದು, ಬಾಯೊಳಗೆ ಏನೋ ಅಂದು, ಬಾನೆಟ್ಟಿನ ಮೇಲೆ ಚೆಲ್ಲಿದ. ಬಿಸಿ ಕಬ್ಬಿಣದ ಮೇಲೆ ಅರಿಸಿನ ಬಿದ್ದು ಒಂದು ವಾಸನೆ ಎದ್ದಿತು. ಗಾಳಿಗೆ ಅದು ಅಪ್ಪನ ಹುಬ್ಬಿಗೂ ಹತ್ತಿತು.

“ಬಿತ್ತು ಈಗ,” ಎಂದ ಹಣಮಂತಪ್ಪ. ಈ ಸಲ ನೇರವಾಗಿ ತಮ್ಮನನ್ನೇ ನೋಡಿದ. “ಹಿಂದಕ್ಕ ತಗೋ ಧರಿ. ಊರಾಗ ಹೋಗೂಣು. ನಮ್ಮವ್ವನ ಸಮಾಧಿ ಕಟ್ಟೀಗೆ ಮೊದಲ ಕಾಯಿ ಒಡದು, ಆಮ್ಯಾಲ ದೇವರಿಗೆ.”

ಧರಿ ಎಂದು ಅಪ್ಪನನ್ನು ಕರೆಯುವವರು ಇದ್ದಾರೆಂಬುದೇ ಸುಗಲಾಳಿಗೆ ಗೊತ್ತಿರಲಿಲ್ಲ. ಅಪ್ಪ ಹುಬ್ಬಿನ ಮೇಲಿನ ಅರಿಸಿನವನ್ನು ಒರೆಸಿಕೊಳ್ಳಲಿಲ್ಲ. ಅವನ ಕೈ ಗೇರಿನ ಸನ್ನೆಯ ಮೇಲೆ ಹೋಯಿತು. “ಅಪ್ಪಾ, ಹಿಂದ ರಾಡಿ ಭಾಳ ಐತಿ, ಹುಗೀತೈತಿ,” ಎಂದ ಬೀರಣ್ಣ. “ಗಪ್ ಕೂಡ್ರು,” ಎಂದು ಅಪ್ಪ ನಕ್ಕ. ಅಷ್ಟು ಮೆತ್ತಗೆ ಅವನು ಮಗನನ್ನು ಗದರಿದ್ದು ಯಾರೂ ಕೇಳಿರಲಿಲ್ಲ. ಸನ್ನೆಯನ್ನು ಹಿಂದಿನ ಗೇರಿಗೆ ಎಳೆದು, ಕ್ಲಚ್ಚು ಬಿಟ್ಟ.

ಇಂಜಿನು ಏರಿತು. ಗಾಡಿ ಅಲ್ಲಾಡಲಿಲ್ಲ. ಕೆಸರೂ ಹಾರಲಿಲ್ಲ, ಗಾಲಿಗಳು ನಿಂತಲ್ಲಿಯೇ ನಿಂತಿದ್ದವು. ಅಪ್ಪ ಇನ್ನೊಮ್ಮೆ ಎಳೆದ, ಇನ್ನೊಮ್ಮೆ ಬಿಟ್ಟ. ಸದ್ದು ಮಾತ್ರ ಬಂತು. ಹೊಲದ ಜನರಲ್ಲಿ ಒಬ್ಬ ಗೊಳ್ಳೆಂದು ನಕ್ಕ. ಹಣಮಂತಪ್ಪ ಅದನ್ನು ನೋಡುತ್ತ ನಿಂತಿದ್ದ. ನೋಡುತ್ತಿದ್ದಂತೆ ಅವನ ಮುಖ ಮೊದಲಿನಂತಾಗುತ್ತ ಹೋಯಿತು, ಬಾಗಿಲು ಎಳೆದುಕೊಂಡ ಹಾಗೆ.

“ಮುಂದಕ್ಕ ಬರಾಕ ನಾಕು ಗಾಲಿ ಅದಾವ. ಹಿಂದಕ್ಕ ಸರಿಯಾಕ ಒಂದೂ ಇಲ್ಲೇನು?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಇರಲಿ ಬಿಡು. ಮನಸಿನ್ಯಾಗ ಇಲ್ಲಂದ್ರ ಮಿಷನ್ ಏನ್ ಮಾಡೀತು.” ಅಂಗೈಗೆ ಹತ್ತಿದ್ದ ಅರಿಸಿನವನ್ನು ಧೋತರಕ್ಕೆ ಒರೆಸಿಕೊಂಡು, ಬಂಡಿಯ ಕಡೆ ತಿರುಗಿದ.

“ಅಣ್ಣಾ,” ಎಂದ ಧರೆಪ್ಪ. ಮತ್ತೆ ಸನ್ನೆ ಎಳೆದ. ಅವನಿಗೆ ಅರ್ಥವಾಗುತ್ತಿರಲಿಲ್ಲ. ತಾನೇ ಕಟ್ಟಿದ ವಸ್ತುವನ್ನು ಯಾವತ್ತೂ ಅನುಮಾನಿಸದವನ ಮುಖದ ಮೇಲೆ ಒಂದು ಸಣ್ಣ, ಮಗುವಿನಂಥ ದಿಗಿಲು ಇತ್ತು. ಬೀರಣ್ಣ ಮೊಣಕಾಲ ನಡುವೆ ತಲೆ ಹುದುಗಿಸಿ ಕೂತಿದ್ದ. ಹಣಮಂತಪ್ಪ ಕೆಸರಿನಿಂದ ಕಾಲು ಕಿತ್ತು ಇನ್ನೊಂದು ಹೆಜ್ಜೆ ಇಟ್ಟ. ಸುಗಲಾ ಅವನ ಬೆನ್ನನ್ನು ನೋಡಿದಳು. ಯಾರೂ ಅವಳನ್ನು ಏನನ್ನೂ ಕೇಳುತ್ತಿರಲಿಲ್ಲ. ತಲೆ ಅಲ್ಲಾಡಿಸುವ ಅಗತ್ಯವೂ ಇರಲಿಲ್ಲ. ಸುಮ್ಮನೆ ಕೂತರೆ ಸಾಕಾಗಿತ್ತು.

ಅವಳು ಎದ್ದು ನಿಂತಳು. ತೊಡೆಯ ಮೇಲಿನ ಚೀಲ ಜಾರಿ ಕಾಲ ಮೇಲೆ ಬಿತ್ತು, ನೋಯಿತು. ಅದನ್ನು ಎತ್ತಿಕೊಂಡಳು. ಮುಂದಿನ ಸೀಟಿನ ಬೆನ್ನನ್ನು ಹಿಡಿದು, ಬಾಯಿ ತೆರೆದಾಗ ಬಂದದ್ದು ಅವಳ ದನಿಯಂತಿರಲಿಲ್ಲ. ಬಹಳ ಹಿಂದೆ ಹಟ್ಟಿಯಲ್ಲಿ ಕೇಳುತ್ತಿದ್ದ ಹುಡುಗಿಯದಿರಬೇಕು, ಅಷ್ಟು ಗಟ್ಟಿಯಾಗಿತ್ತು.

“ದೊಡ್ಡಪ್ಪಾ, ಅಪ್ಪ ಹಿಂದಕ್ಕ ಬರಾಕ ಒಪ್ಯಾನ್ರಿ. ಗಾಡಿಗೆ ಬರಾಂಗಿಲ್ಲ. ಅದರ ಗೇರು ನಾ ತಗೊಂಡೀನಿ, ನನ್ನ ಕಡೆ ಐತಿ.”